ಚೋಮನ ಎತ್ತು ಮತ್ತು ರ‍್ಯಾಂಕ್ ಪಟ್ಟಿ

ಚೋಮನ ಹತ್ತಿರ ಎತ್ತಿದ್ದವು, ದುಡಿಯಿತ್ತು, ಬೇಸಾಯದ ಆಸೆಯಿತ್ತು. ಗದ್ದೆ ಮಾತ್ರ ಇರಲಿಲ್ಲ. ಹೊಲೆಯನಿಗೆ ಗದ್ದೆ ಕೊಡುವುದುಂಟೇ ಎಂದಿತು ಧಣಿಯ ಮನೆ. ಕೋಟದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಾವು ಭೂಮಿಯ ಕತೆಯೆಂದೇ ಓದುತ್ತ ಬಂದವರು. ಆದರೆ ಧಣಿ ಹಾಗೆನ್ನದೆ, 'ಯಾರ ಫಸಲು ಹೆಚ್ಚೋ ಅವರಿಗೇ ಗದ್ದೆ' ಎಂದಿದ್ದರೆ? ಗದ್ದೆಯಿದ್ದವನೇ ಗೆಲ್ಲುತ್ತಿದ್ದ. ಅನ್ಯಾಯ ಅದೇ, ಬೈಗುಳ ಮಾತ್ರ ಇರುತ್ತಿರಲಿಲ್ಲ. ಪ್ರವೇಶ ಪರೀಕ್ಷೆಯೆಂದರೆ ನನ್ನ ಮಟ್ಟಿಗೆ ಇದು.

2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು, ಶೇ. 93.90. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲೂ ಹೆಮ್ಮೆಪಟ್ಟೆವು. ಆದರೆ ಮೆಡಿಕಲ್ ಸೀಟಿಗೆ ಆ ಅಂಕ ಹೊಸಿಲು ದಾಟಲಿಕ್ಕಷ್ಟೆ. ರ‍್ಯಾಂಕ್ ಕೊಡುವುದು ನೀಟ್: 180 ಪ್ರಶ್ನೆ, 720 ಅಂಕ, ತಪ್ಪುತ್ತರಕ್ಕೆ ಒಂದು ಅಂಕ ಕಡಿತ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಅಂತ ಕಲಿಸಲು ಕೋಚಿಂಗು, ಕೋಚಿಂಗಿಗೆ ದುಡ್ಡು. ಒಂದು ವರ್ಷ ಸೋತರೂ ಮನೆಯಲ್ಲಿ ಕೂತು ಇನ್ನೊಂದು ವರ್ಷ ಓದಬಲ್ಲವನೇ ಇಲ್ಲಿ ಗದ್ದೆಯಿದ್ದವನು. 2017ರಿಂದ ನೀಟ್ ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತವೆ, ಸರಿ. ಪಿಯುಸಿ ವಿಜ್ಞಾನ ಓದುವುದು ಇಂಗ್ಲಿಷಿನಲ್ಲಿ!

ಹಾಗಾದರೆ ಪರೀಕ್ಷೆಯೇ ಬೇಡವೆ? ಗೆಳೆಯರು ಬೇಡವೆನ್ನುತ್ತಾರೆ. ನಾನು ಹಿಂಜರಿಯುತ್ತೇನೆ. ನಾನು ಕಲಿಯುವಾಗ ಪ್ರಾಕ್ಟಿಕಲ್ ಅಂಕ ಹಾಕುವ ಮುಂಚೆ ಒಬ್ಬ ಮೇಷ್ಟ್ರು ಕೇಳಿದ್ದರು: "ನಿನ್ ಮನಿ ಎಲ್ಲಾಯ್ತಾ?" ಆ ಪ್ರಶ್ನೆಯ ಅರ್ಥ ನಮಗೆ ಗೊತ್ತು. ಒಎಂಆರ್ ಹಾಳೆ ಅದನ್ನು ಕೇಳುವುದಿಲ್ಲ. ಮುಖ ನೋಡದ ಪರೀಕ್ಷೆ ನಮಗೆ ಸಣ್ಣ ಆಸರೆಯೂ ಹೌದು. ಅದನ್ನು ಬಿಟ್ಟುಕೊಟ್ಟು ಮೇಷ್ಟ್ರ ಕೈಗೆ ಮತ್ತೆ ಸಿಕ್ಕಿಬೀಳಲು ನಾನು ತಯಾರಿಲ್ಲ.

ನನ್ನ ಜಗಳ ಇರುವುದು ಪರೀಕ್ಷೆಯ ಬೆನ್ನಿಗೆ ಅಂಟಿಸಿದ 'ಪ್ರತಿಭೆ' ಎಂಬ ಶಬ್ದದ ಮೇಲೆ. ಮೀಸಲಾತಿಯವರನ್ನು ಹಂಗಿಸುವ ಮಾತನ್ನೇ ಕಿತ್ತುಕೊಂಡು ಅರವಿಂದ ಮಾಲಗತ್ತಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಕೋಚಿಂಗಿಗೆ ಲಕ್ಷಗಟ್ಟಲೆ ಸುರಿದು ಪಡೆದ ಸೀಟಿಗೆ ಅಂಥ ಹಂಗಿಕೆಯ ಹೆಸರು ಯಾಕಿಲ್ಲ? ಅಂಕವೊಂದೇ ಪ್ರತಿಭೆಯಲ್ಲ, ಅದರ ಹಿಂದಿನ ಸಾಮಾಜಿಕ ಅನುಕೂಲವನ್ನೂ ನೋಡಬೇಕೆಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ವಿಮರ್ಶೆ ಈ ಶಬ್ದವನ್ನು ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ.

2024ರ ಜುಲೈಯಲ್ಲಿ ನಮ್ಮ ವಿಧಾನಸಭೆ, ನೀಟ್ ಬೇಡ, ಸಿಇಟಿ ಅಂಕದ ಮೇಲೆಯೇ ಮೆಡಿಕಲ್ ಸೀಟು ಕೊಡಲಿ ಎಂದು ನಿರ್ಣಯ ಮಾಡಿತು. ಒಳ್ಳೆಯದೇ. ಆದರೆ ಧಣಿ ಬದಲಾದ ಮಾತ್ರಕ್ಕೆ ಚೋಮನಿಗೆ ಗದ್ದೆ ಸಿಗುತ್ತದೆಯೆ? ಸಿಇಟಿಗೂ ಅದೇ ಕೋಚಿಂಗು. ಇಂಜಿನಿಯರಿಂಗಿಗೆ ಪಿಯುಸಿ ಅಂಕದ ಅರ್ಧ ಸೇರಿಸುವ ಕ್ರಮ ಉಂಟಲ್ಲ, ಮೆಡಿಕಲ್ಲಿಗೂ ಅದನ್ನು ಕೇಳೋಣ. ಸರ್ಕಾರಿ ಹಾಸ್ಟೆಲಿನಲ್ಲೇ ಪುಕ್ಕಟೆ ತರಬೇತಿ ಕೇಳೋಣ. ಸೋತ ಮಕ್ಕಳಿಗೆ ಇನ್ನೊಂದು ವರ್ಷದ ಅನ್ನ, ಪುಸ್ತಕ ಕೇಳೋಣ. ಮೊದಲು ಗದ್ದೆ ಕೊಡಿ, ಫಸಲು ಆಮೇಲೆ ಅಳೆಯಿರಿ.