ಹೊಸೂರು ಸೀಮೆಯ ಹೆಂಚಿನ ಮಾಡು

ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಹೊಸೂರು, ಡೆಂಕಣಿಕೋಟೆಗಳ ಸೀಮೆಯಲ್ಲಿ ಚೈತ್ರದ ಬಿಸಿಲೂ ಮಾಗಿಯ ಚಳಿಯೂ ಒಂದೇ ಮನೆಯನ್ನು ಪರೀಕ್ಷಿಸುವುದರಿಂದ, ಇಳಿಜಾರು ಮಾಡಿನ ಒಡಲನ್ನು ತೆರೆದಿಡಬೇಕೋ ಅಟ್ಟ ಹಾಸಿ ಮುಚ್ಚಬೇಕೋ ಎಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಹಳೆಯ ಮನೆಗಳನ್ನು ಕಟ್ಟಿದವರ ವಿವೇಕ ನನಗೆ ಬಲು ಮೆಚ್ಚುಗೆ. ಒಲೆಯ ಮೇಲೆ ಮಾಡು ತೆರೆದೇ ಇರುವುದು. ಮೇಲೇರಿದ ಹೊಗೆ ನಾಡಹೆಂಚಿನ ಸಂದುಗಳಲ್ಲಿ ನುಸುಳಿಹೋಗುವುದಲ್ಲದೆ, ಜಂತೆ ರೀಪುಗಳಿಗೆ ಕಪ್ಪು ಮೆರುಗನ್ನು ಹಿಡಿಸಿ ಹುಳುಗಳನ್ನು ದೂರವಿಡುವುದು. ಮಲಗುವ ಕೋಣೆಗೆ ಮಾತ್ರ ತೊಲೆಗಳ ಮೇಲೆ ಹಲಗೆಯ ಅಟ್ಟ. ಅದರ ಮೇಲೆ ಬಿತ್ತನೆಯ ರಾಗಿ, ಹುಣಿಸೆಹಣ್ಣು, ಮದುವೆಗೊಮ್ಮೆ ಕೆಳಗಿಳಿಯುವ ಕೊಪ್ಪರಿಗೆ (ಇಲಿಗಳೂ ಎನ್ನದೆ ವಿಧಿಯಿಲ್ಲ). ಹೆಂಚಿಗೂ ಹಲಗೆಗೂ ನಡುವೆ ನಿಂತ ಗಾಳಿಯೇ ತಾಪವನ್ನೂ ಶೀತವನ್ನೂ ತಡೆಯುವುದು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ತರುವಾಯ ಎಲ್ಲೆಡೆ ಹಬ್ಬಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನಿಂದ ಹೊಗೆ ನುಸುಳುತ್ತಿದ್ದ ಆ ಸಂದುಗಳು ಕಿರಿದಾದುವು; ಬೆಳಕಿಗೆ ಗಾಜಿನ ಹೆಂಚು ಒದಗಿತು.

ನಡುಮನೆಯ ವಿಷಯದಲ್ಲಂತೂ ನಾನು ತೆರೆದ ಮಾಡಿನ ಪಕ್ಷಪಾತಿ. ಒಡೆದ ಹೆಂಚೊಂದು ಮಳೆಯ ಮೊದಲ ಹನಿಗೇ ಕಣ್ಣಿಗೆ ಬಿದ್ದು, ಆ ಸಂಜೆಯೇ ಏಣಿ ಹತ್ತಿ ಬದಲಿಸಬಹುದು; ಸಮತಲದ ಮುಚ್ಚಿಗೆಯಾದರೋ ಜಂತೆ ಕೊಳೆಯುವವರೆಗೂ ಆ ಸೋರಿಕೆಯನ್ನು ಬಚ್ಚಿಟ್ಟುಕೊಳ್ಳುವುದು.