ಬೇಸಿನ ಹಿಂದಿನ ಕೈ

ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಕಾರಣಿಕಕ್ಕೋ ಹೊರಟ ಕಾರು, ಟ್ರ್ಯಾಕ್ಟರುಗಳು ಹಗರಿಬೊಮ್ಮನಹಳ್ಳಿ ದಾಟುವಾಗ ಹಾಡಿಗಿಂತ ಮೊದಲು ಬೇಸು ಎದೆಗೆ ಬಡಿಯುತ್ತದೆ. ಹೊಗಳಿಕೆಯೆಲ್ಲ ಸಬ್‌ವೂಫರಿಗೆ ಹೋಗುತ್ತದೆ. ನಾನು ಮೆಚ್ಚುವುದು ಅದಕ್ಕೆ ವೈರಿಂಗ್ ಮಾಡಿದ ಕೈಯನ್ನು.

ಮನೆಯ 230 ವೋಲ್ಟಿನಲ್ಲಿ 500 ವಾಟ್‌ಗೆ 2 ಆಂಪಿಯರ್ ಚಿಲ್ಲರೆ ಸಾಕು. ಗಾಡಿಯ 12 ವೋಲ್ಟಿನಲ್ಲಿ ಅಷ್ಟೇ ಶಕ್ತಿಗೆ 40 ಆಂಪಿಯರಿಗೂ ಹೆಚ್ಚು ಕರೆಂಟು ಹರಿಯಬೇಕು. ಅದಕ್ಕೇ ಕಿರುಬೆರಳು ದಪ್ಪದ ತಾಮ್ರದ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ವೈರು ಎಲ್ಲೋ ಉಜ್ಜಿ ಗಾಡಿಯ ಬಾಡಿಗೆ ತಾಗಿದರೆ ಬೆಂಕಿ ಹತ್ತದಂತೆ ಕಾಯುವುದು ಆ ಫ್ಯೂಸೇ.

ಒಳ್ಳೆಯ ಕೆಲಸಗಾರ ಅರ್ತಿಂಗ್ ಕೊಡುವುದನ್ನು ನೋಡಬೇಕು. ಬಾಡಿಯ ಬಣ್ಣವನ್ನು ಎಮರಿ ಪೇಪರಿನಲ್ಲಿ ಉಜ್ಜುತ್ತಾನೆ. ಕಬ್ಬಿಣ ಫಳಫಳ ಹೊಳೆದ ಮೇಲೆಯೇ ಬೋಲ್ಟು ಬಿಗಿಯುತ್ತಾನೆ. ಬಣ್ಣದ ಮೇಲೆಯೇ ಬಿಗಿದರೆ ಬೇಸು ಸೊರಗುತ್ತದೆ, ಇಂಜಿನ್ನಿನ ಕುಂಯ್ಯೆನ್ನುವ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಸಿಗ್ನಲ್ ವೈರನ್ನು ಪವರ್ ವೈರಿನ ಪಕ್ಕ ಬಿಡದೆ ಗಾಡಿಯ ಇನ್ನೊಂದು ಬದಿಯಿಂದ ತರುವುದೂ ಈ ಸದ್ದು ತಪ್ಪಿಸಲೆಂದೇ.

ಇನ್ನು ಲೆಕ್ಕ. 4 ಓಮಿನ ಎರಡು ವೂಫರು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸಿನಲ್ಲಿ 8. ಆಂಪ್ಲಿಫೈಯರ್ ಎಷ್ಟನ್ನು ತಾಳುತ್ತದೆಂದು ತಿಳಿದೇ ಜೋಡಿಸಬೇಕು. ಒಂದರ ಪ್ಲಸ್ಸು ಮೈನಸ್ಸು ಅದಲುಬದಲಾದರೆ, ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಬೇಸೇ ಮಾಯ.

ಊರೊಳಗೆ ಸೌಂಡು ತಗ್ಗಿಸುವುದು ಗಾಡಿಯವನ ಮರ್ಯಾದೆ. ಅದು ಒಡೆಯದಂತೆ ಕೇಳಿಸುವುದು ವೈರಿಂಗಿನವನ ವಿದ್ಯೆ. ಹೊಸ ಸೆಟ್ಟು ಹಾಕಿಸುವವರು ಸ್ಪೀಕರಿನ ದುಡ್ಡಿನಲ್ಲಿ ಒಂದು ಪಾಲನ್ನು ಒಳ್ಳೆಯ ತಾಮ್ರಕ್ಕೂ ಆ ವಿದ್ಯೆಗೂ ಮನಸಾರೆ ಕೊಡಲಿ.