ಸುಟ್ಟ ಧ್ವಜ ಯಾರದು?

‘ನನ್ನ ಹಣದಿಂದ ಕೊಂಡ ಧ್ವಜವನ್ನು ನಾನೇ ಸುಟ್ಟರೆ ಯಾರಿಗೇನು ನಷ್ಟ?’ ಎಂಬ ವಾದವು ಮೇಲ್ನೋಟಕ್ಕೆ ಬಲವಾದುದೆಂದೇ ತೋರುತ್ತದೆ. ಆದರೆ ಈ ವಾದಿಗಳು ಎತ್ತಿಹೇಳುವ ಅಮೆರಿಕದ ಟೆಕ್ಸಾಸ್–ಜಾನ್ಸನ್ ಮೊಕದ್ದಮೆಯಲ್ಲಿ ಧ್ವಜವು ಜಾನ್ಸನ್ನನದಾಗಿರಲೇ ಇಲ್ಲ. 1984ರಲ್ಲಿ ಡಲ್ಲಾಸ್ ನಗರದ ಕಟ್ಟಡವೊಂದರ ಸ್ತಂಭದಿಂದ ಸಂಗಡಿಗನೊಬ್ಬನು ಕಿತ್ತು ತಂದುಕೊಟ್ಟದ್ದು ಅದು! 1989ರಲ್ಲಿ ಐವರು ನ್ಯಾಯಮೂರ್ತಿಗಳು, ನಾಲ್ವರು ಒಪ್ಪದಿದ್ದರೂ, ಅವನ ಪರವಾಗಿ ತೀರ್ಪಿತ್ತದ್ದು ಅಭಿವ್ಯಕ್ತಿಯ ಹೆಸರಿನಲ್ಲಿ, ಒಡೆತನದ ಹೆಸರಿನಲ್ಲಲ್ಲ. ಅಚೌರ್ಯವ್ರತವನ್ನು ಬಲ್ಲ ನಮಗೆ ಕಳವಿನ ಮಾತು ಬದಿಗೆ ಸರಿದುದೇ ಚುಚ್ಚುತ್ತದೆ.

ನಮ್ಮ 1971ರ ಕಾಯಿದೆಯೂ ಒಡೆಯನಾರೆಂದು ಕೇಳುವುದಿಲ್ಲ. ಸಾರ್ವಜನಿಕರ ಕಣ್ಣೆದುರು ಸುಟ್ಟವನಿಗೆ ಮೂರು ವರ್ಷಗಳವರೆಗೆ ಸೆರೆ. ಆದರೆ 2002ರ ಧ್ವಜಸಂಹಿತೆಯು, ಜೀರ್ಣವಾದ ಧ್ವಜವನ್ನು ಏಕಾಂತದಲ್ಲಿ ಸುಡುವುದೇ ಮೇಲೆನ್ನುತ್ತದೆ. ಬೆಂಕಿ ಅದೇ, ಭಾವ ಮಾತ್ರ ಬೇರೆ. ದ್ರವ್ಯಹಿಂಸೆ, ಭಾವಹಿಂಸೆಗಳ ಭೇದವನ್ನರಿತ ಶ್ರಾವಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪರರ ಭಾವವನ್ನಳೆಯುವ ಕೋಲನ್ನು ಸರಕಾರದ ಕೈಗೆ ಕೊಡಬಹುದೇ? ಮಾಣಿಕನಗರ, ಹುಮನಾಬಾದು ಸೀಮೆಯವರು ಇಲ್ಲಿ ತುಸು ನಿಲ್ಲಬೇಕು. ಈ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿದ್ದ 1947ರಲ್ಲಿ ತ್ರಿವರ್ಣಧ್ವಜವನ್ನು ಹಾರಿಸಹೊರಟವರೇ ಸೆರೆಮನೆ ಸೇರಿದರು. ಸ್ವಾಮಿ ರಾಮಾನಂದ ತೀರ್ಥರೂ ಬಂಧಿತರಾದರು. ಅಂದಿನ ಸರಕಾರಕ್ಕೆ ಅವರ ಭಾವವೂ ದ್ರೋಹವಾಗಿಯೇ ಕಂಡಿತ್ತು. ಧ್ವಜವನ್ನು ಸುಡುವುದನ್ನು ನಾನು ಒಪ್ಪಲಾರೆ. ಅದಕ್ಕೆ ಮೂರು ವರ್ಷಗಳ ಸೆರೆಯೆಂದರೆ ಅದನ್ನೊಪ್ಪಲೂ ಮನಸ್ಸು ಹಿಂಜರಿಯುತ್ತದೆ.